ಸಾಲ ತೀರಿಸದೆ ಅಂಗಡಿ ಮುಚ್ಚಿ ಹೋದವರ ಮೇಲೆ ನಾನೇ ದಿವಾಳಿ ಅರ್ಜಿ ಹಾಕಬಹುದೇ?

ಪ್ರಶ್ನೆ: ನಮ್ಮದು ಹಾವೇರಿ. ಹುಬ್ಬಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಪರಿಚಯದವರೊಬ್ಬರಿಗೆ ₹14 ಲಕ್ಷ ಕೈಸಾಲ ಕೊಟ್ಟಿದ್ದೆ. ಹಣ ಹೋಗಿದ್ದು ಬ್ಯಾಂಕ್ ಮೂಲಕ. ಪ್ರೋನೋಟ್ ಬರೆಸಿಕೊಂಡು ಎರಡು ವರ್ಷ ನಾಲ್ಕು ತಿಂಗಳಾಯಿತು. ಒಂದು ಚೆಕ್ ಕೂಡ ಕೊಟ್ಟಿದ್ದಾರೆ, ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಐದು ತಿಂಗಳ ಹಿಂದೆ ಅವರು ಮನೆಯನ್ನು ಹೆಂಡತಿಯ ತಮ್ಮನ ಹೆಸರಿಗೆ ಕ್ರಯ ಮಾಡಿಕೊಟ್ಟಿದ್ದಾರೆ. ಒಂದೂವರೆ ತಿಂಗಳಿಂದ ಅಂಗಡಿ ಬೀಗ, ಫೋನ್ ಸ್ವಿಚ್ ಆಫ್. ಅವರೇ ಐಪಿ, ಅಂದರೆ ದಿವಾಳಿ ಅರ್ಜಿ, ಹಾಕುತ್ತಾರಂತೆ ಎಂದು ಮಾರ್ಕೆಟ್‌ನಲ್ಲಿ ಸುದ್ದಿ. ಅದಕ್ಕೆ ಮೊದಲೇ ನಾನು ಅವರನ್ನು ದಿವಾಳಿ ಎಂದು ಘೋಷಿಸಿ ಎಂದು ಕೋರ್ಟಿಗೆ ಹೋಗಬಹುದಾ? ನನ್ನ ದುಡ್ಡು ಬರುತ್ತದಾ ಸರ್?

ಉತ್ತರ: ಹೋಗಬಹುದು. ದುಡ್ಡು ಪೂರ್ತಿ ಬರುತ್ತದಾ ಅಂದರೆ, ಬರುವ ಸಾಧ್ಯತೆ ಕಡಿಮೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ದಿವಾಳಿ ಅರ್ಜಿ ಅಂದರೆ ಸಾಲ ವಸೂಲಿಗೆ ಇನ್ನೊಂದು ದಾರಿ ಎಂದುಕೊಂಡು ಬರುವವರೇ ಜಾಸ್ತಿ. ನೀವು ಅರ್ಜಿ ಹಾಕುತ್ತೀರಿ, ವಕೀಲರ ಫೀಸ್ ಕೊಡುತ್ತೀರಿ, ಓಡಾಡುತ್ತೀರಿ. ಕೊನೆಗೆ ಆಸ್ತಿ ಸಿಕ್ಕಿದರೆ ಅದು ನಿಮಗಷ್ಟೇ ಅಲ್ಲ, ಆತನಿಗೆ ಸಾಲ ಕೊಟ್ಟ ಎಲ್ಲರಿಗೂ ಹಂಚಿಕೆ ಆಗುತ್ತದೆ. ಹಾಗಿದ್ದೂ ನಿಮ್ಮ ಕೇಸಿನಲ್ಲಿ ಇದನ್ನು ಯೋಚಿಸಲೇಬೇಕು ಅನ್ನುತ್ತೇನೆ. ಕಾರಣ ಒಂದೇ, ಆ ಮನೆ.

ಯಾವ ಕಾನೂನು ಎಂಬುದನ್ನು ಬೇಗ ಮುಗಿಸೋಣ. ಪೇಪರ್‌ನಲ್ಲಿ ಓದುವ 2016ರ ದಿವಾಳಿ ಸಂಹಿತೆ, ಅಂದರೆ ಐಬಿಸಿ, ಸದ್ಯಕ್ಕೆ ನಿಮಗೆ ಸಂಬಂಧಿಸಿದ್ದಲ್ಲ. ಅದು ಕಂಪನಿಗಳಿಗೆ ಜಾರಿಯಲ್ಲಿದೆ. ಕಂಪನಿ ಮೇಲೆ ಎನ್‌ಸಿಎಲ್‌ಟಿಗೆ (ಕಂಪನಿ ವಿಷಯಗಳ ರಾಷ್ಟ್ರೀಯ ನ್ಯಾಯಮಂಡಳಿ) ಹೋಗಬೇಕಾದರೆ ಬಾಕಿ ಕನಿಷ್ಠ ₹1 ಕೋಟಿ ಇರಬೇಕು, 2020ರ ಮಾರ್ಚ್‌ನಿಂದ ಈ ಮಿತಿ ಇದೆ. ಕಂಪನಿಯ ಸಾಲಕ್ಕೆ ಸ್ವಂತ ಜಾಮೀನು ಹಾಕಿದವರಿಗೂ 2019ರ ಡಿಸೆಂಬರ್ 1ರಿಂದ ಅನ್ವಯಿಸಿದೆ. ಉಳಿದ ವ್ಯಕ್ತಿಗಳ ಭಾಗ ಪುಸ್ತಕದಲ್ಲಿದೆ, ಜಾರಿಗೆ ತಂದಿಲ್ಲ. ಹಾಗಾಗಿ ಸ್ವಂತ ಹೆಸರಿನಲ್ಲಿ ಅಂಗಡಿ ನಡೆಸಿದ ನಿಮ್ಮ ಸಾಲಗಾರರಿಗೆ ಈಗಲೂ 1920ರ ಪ್ರಾವಿನ್ಷಿಯಲ್ ಇನ್ಸಾಲ್ವೆನ್ಸಿ ಕಾಯ್ದೆಯೇ ಗತಿ. ನೂರು ವರ್ಷ ದಾಟಿದ ಕಾನೂನು. ಅದನ್ನು ಬರೆದಾಗ ಸಾಲ ಕೊಟ್ಟವರು ಅರ್ಜಿ ಹಾಕಲು ಇಟ್ಟ ಕನಿಷ್ಠ ಬಾಕಿ ₹500, ಇದರಿಂದಲೇ ಅದರ ವಯಸ್ಸು ಗೊತ್ತಾಗುತ್ತದೆ ಅಲ್ವಾ. ಅರ್ಜಿ ಹಾಕಬೇಕಾದ್ದು ಆತ ವಾಸವಿದ್ದ ಅಥವಾ ವ್ಯಾಪಾರ ಮಾಡುತ್ತಿದ್ದ ಊರಿನ ಅಧಿಕಾರವಿರುವ ಕೋರ್ಟಿನಲ್ಲಿ. ಜಿಲ್ಲಾ ಕೋರ್ಟಿಗೆ ಈ ಅಧಿಕಾರ ಇದೆ, ಸರ್ಕಾರ ಕೆಳಗಿನ ಕೋರ್ಟುಗಳಿಗೂ ಅದನ್ನು ಕೊಡಬಹುದು. ಯಾವ ಕೋರ್ಟು ಎಂದು ಹುಬ್ಬಳ್ಳಿಯ ವಕೀಲರನ್ನು ಕೇಳಿ. ಹಾವೇರಿಯಲ್ಲಿ ಹಾಕಿದರೆ ಸುಮ್ನೆ ಸಮಯ ಹಾಳು.

ಈಗ ಮುಖ್ಯ ವಿಷಯ. ಸಾಲ ಕೊಟ್ಟಿಲ್ಲ, ಕೇಳಿದರೆ ಉತ್ತರ ಇಲ್ಲ, ಇಷ್ಟೇ ಹೇಳಿದರೆ ಕೋರ್ಟ್ ಯಾರನ್ನೂ ದಿವಾಳಿ ಎಂದು ಘೋಷಿಸುವುದಿಲ್ಲ. ಸಾಲಗಾರ ದಿವಾಳಿ ಕೃತ್ಯ ಮಾಡಿರಬೇಕು. ಯಾವುವು ಅಂತಹ ಕೃತ್ಯ ಎಂದು ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ. ಸಾಲ ಕೊಟ್ಟವರಿಗೆ ಸಿಗಬಾರದು ಅಂತ ಆಸ್ತಿಯನ್ನು ಬೇರೆಯವರಿಗೆ ದಾಟಿಸುವುದು ಒಂದು. ಒಬ್ಬ ಸಾಲ ಕೊಟ್ಟವನಿಗೆ ಮಾತ್ರ ಒಳಗಿಂದೊಳಗೆ ಅನುಕೂಲ ಮಾಡಿಕೊಡುವುದು ಇನ್ನೊಂದು. ತಪ್ಪಿಸಿಕೊಳ್ಳಲು ಮನೆ, ಅಂಗಡಿ ಬಿಟ್ಟು ಹೋಗುವುದು, ಊರಲ್ಲೇ ಇದ್ದರೂ ಯಾರ ಕೈಗೂ ಸಿಗದ ಹಾಗೆ ಅಡಗಿ ಕೂರುವುದು. ‘ಇನ್ನು ನನ್ನಿಂದ ಸಾಲ ಕಟ್ಟೋಕಾಗಲ್ಲ, ನಿಲ್ಲಿಸಿದ್ದೇನೆ’ ಎಂದು ಸಾಲ ಕೊಟ್ಟವರಿಗೆ ತಿಳಿಸುವುದೂ ಸೇರುತ್ತದೆ. ಹಣದ ಡಿಕ್ರಿಗಾಗಿ (ಹಣ ಕೊಡಬೇಕೆಂಬ ಕೋರ್ಟ್ ತೀರ್ಪು) ಆಸ್ತಿ ಹರಾಜಾದರೆ ಅಥವಾ ಜೈಲಿಗೆ ಹೋದರೆ ಅದೂ ಆಗುತ್ತದೆ.

ಇದಕ್ಕೊಂದು ಗಡಿಯಾರ ಇದೆ. ಯಾವ ಕೃತ್ಯ ಹಿಡಿದು ಅರ್ಜಿ ಹಾಕುತ್ತೀರೋ ಅದು ಅರ್ಜಿಗೆ ಹಿಂದಿನ ಮೂರು ತಿಂಗಳೊಳಗೆ ನಡೆದಿರಬೇಕು. ನಿಮಗೆ ಗೊತ್ತಾದ ದಿನದಿಂದ ಲೆಕ್ಕ ಅಲ್ಲ, ನಡೆದ ದಿನದಿಂದ. ಬಹಳ ಅರ್ಜಿಗಳು ಬೀಳುವುದು ಇಲ್ಲೇ.

ಹಾಗಾದರೆ ಐದು ತಿಂಗಳ ಹಿಂದಿನ ಕ್ರಯ ಕೈತಪ್ಪಿ ಹೋಯಿತಾ? ಅರ್ಜಿ ಹಾಕಲು ಕಾರಣವಾಗಿ ಹೋಯಿತು, ಹೌದು. ಆದರೆ ಅಂಗಡಿ ಬೀಗ ಹಾಕಿ, ಫೋನ್ ಆಫ್ ಮಾಡಿ ಹೋಗಿದ್ದು ಒಂದೂವರೆ ತಿಂಗಳ ಹಿಂದೆ ಅಲ್ಲವೇ. ಅದು ಇನ್ನೂ ಅವಧಿಯೊಳಗಿದೆ, ಅದನ್ನು ಹಿಡಿದು ಒಳಗೆ ಹೋಗಬಹುದು. ಒಳಗೆ ಹೋದ ಮೇಲೆ ಕಾಯ್ದೆಯ 53ನೇ ಸೆಕ್ಷನ್ ಇದೆ. ಆಸ್ತಿ ದಾಟಿಸಿದ ಎರಡು ವರ್ಷದೊಳಗೆ ಅರ್ಜಿ ದಾಖಲಾಗಿ, ಆ ಅರ್ಜಿಯ ಮೇಲೆ ಆತ ದಿವಾಳಿ ಎಂದು ಘೋಷಣೆಯಾದರೆ, ಆ ವರ್ಗಾವಣೆಯನ್ನೇ ಕೋರ್ಟ್ ರದ್ದು ಮಾಡಬಹುದು. ಅಂದರೆ ಬಾಗಿಲಿಗೆ ಮೂರು ತಿಂಗಳು, ಒಳಗೆ ಕೈ ಚಾಚಲು ಎರಡು ವರ್ಷ. ಈ ವ್ಯತ್ಯಾಸ ಗೊತ್ತಿಲ್ಲದೆ ‘ಮೂರು ತಿಂಗಳು ಆಗಿಹೋಯಿತು, ಇನ್ನೇನೂ ಇಲ್ಲ’ ಎಂದು ಸುಮ್ಮನಾಗುವವರಿದ್ದಾರೆ. ನಿಮಗೆ ಉಳಿದಿರುವುದು ಇನ್ನೊಂದೂವರೆ ತಿಂಗಳು. ಕೊನೆಯ ವಾರದವರೆಗೆ ಕಾಯಬೇಡಿ.

ಹೆಂಡತಿಯ ತಮ್ಮ ಸುಮ್ಮನೆ ಇರುವುದಿಲ್ಲ, ಅದೂ ನಿಜ. ‘ನಾನು ದುಡ್ಡು ಕೊಟ್ಟೇ ಕೊಂಡಿದ್ದೇನೆ’ ಎನ್ನುತ್ತಾನೆ. ಒಳ್ಳೆಯ ನಂಬಿಕೆಯಿಂದ ನಿಜವಾದ ಬೆಲೆ ಕೊಟ್ಟು ಕೊಂಡವರನ್ನು ಕಾಯ್ದೆ ಮುಟ್ಟುವುದಿಲ್ಲ. ಆದ್ದರಿಂದ ಮೊದಲ ಕೆಲಸ ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಆ ಮನೆಯ ಇಸಿ (ಋಣಭಾರ ಪತ್ರ) ತೆಗೆಸುವುದು, ಕ್ರಯಪತ್ರದ ದೃಢೀಕೃತ ಪ್ರತಿ ಪಡೆಯುವುದು. ಹಣ ಹೇಗೆ ಕೊಟ್ಟಿದ್ದು ಎಂದು ಬರೆದಿದೆ ನೋಡಿ. ಚೆಕ್ಕಾ, ಬ್ಯಾಂಕ್ ವರ್ಗಾವಣೆಯಾ, ಇಲ್ಲ ‘ಈ ಮೊದಲೇ ನಗದಾಗಿ ಸಂದಿದೆ’ ಎಂಬ ಒಂದು ಸಾಲಾ? ಬರೆದ ಬೆಲೆ ಮಾರ್ಕೆಟ್ ಬೆಲೆಗೆ ಹತ್ತಿರ ಇದೆಯಾ? ಮಾರಿದ ಮೇಲೂ ಅವರ ಕುಟುಂಬ ಅದೇ ಮನೆಯಲ್ಲೇ ಇದೆಯಾ? ಕರೆಂಟ್ ಬಿಲ್ ಇನ್ನೂ ಹಳೆಯ ಹೆಸರಿನಲ್ಲೇ ಬರುತ್ತಿದೆಯಾ? ಇಂತಹ ಸಣ್ಣ ಸಣ್ಣ ವಿಷಯಗಳೇ ಕೋರ್ಟಿನಲ್ಲಿ ತೂಕ ಪಡೆಯುತ್ತವೆ. ‘ಇದು ಮೋಸ ಸ್ವಾಮಿ’ ಎಂದು ಹತ್ತು ಸಲ ಬರೆದರೆ ಪ್ರಯೋಜನವಿಲ್ಲ.

ಓಡಿಹೋಗಿದ್ದಕ್ಕೂ ಸಾಕ್ಷಿ ಬೇಕು. ಆತ ಚಿಕಿತ್ಸೆಗೆ ಹೋಗಿರಬಹುದು, ಮಗಳ ಮನೆಗೆ ಹೋಗಿರಬಹುದು. ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳಲೆಂದೇ ಹೋದ ಎಂದು ತೋರಿಸುವುದು ನಿಮ್ಮ ಹೊಣೆ. ವಕೀಲರಿಂದ ಮನೆಗೂ ಅಂಗಡಿಗೂ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ವಾಪಸ್ ಬಂದ ಲಕೋಟೆಯನ್ನು ಒಡೆಯದೆ ಇಡಿ, ಅದರ ಮೇಲೆ ಪೋಸ್ಟ್‌ಮ್ಯಾನ್ ಬರೆದ ಷರಾ ಮುಖ್ಯ. ವಾಟ್ಸಾಪ್‌ನಲ್ಲಿ ‘ಮುಂದಿನ ತಿಂಗಳು ಕೊಡ್ತೀನಿ’ ಎಂದಿದ್ದರೆ ಅಳಿಸಬೇಡಿ, ಫೋನ್ ಕೂಡ ಬದಲಿಸಬೇಡಿ. ಪಕ್ಕದ ಅಂಗಡಿಯವರು ಸಾಕ್ಷಿ ಹೇಳಲು ಒಪ್ಪಿದರೆ ಇನ್ನೂ ಒಳ್ಳೆಯದು. ಹಾಗೇ ಅದೇ ರೀತಿ ಸಿಕ್ಕಿಬಿದ್ದ ಬೇರೆ ಇಬ್ಬರು ಮೂವರು ಇದ್ದರೆ ಅವರನ್ನು ಸೇರಿಸಿಕೊಳ್ಳಿ. ಎಲ್ಲರಿಗೂ ಒಂದೇ ವಾರದಲ್ಲಿ ಫೋನ್ ಆಫ್ ಆಗಿದೆ ಎಂದರೆ ಅದೇ ಒಂದು ಕಥೆ ಹೇಳುತ್ತದೆ.

ಅರ್ಜಿ ದಾಖಲಾದ ಮೇಲೆ ಕೋರ್ಟ್ ವಿಚಾರಣೆಗೆ ದಿನ ಕೊಟ್ಟು ಆತನಿಗೆ ನೋಟಿಸ್ ಕಳಿಸುತ್ತದೆ. ಇರುವ ಸ್ಟಾಕ್ ರಾತ್ರೋರಾತ್ರಿ ಖಾಲಿಯಾಗುತ್ತದೆ ಎಂಬ ಭಯ ಇದ್ದರೆ ಮಧ್ಯಂತರ ರಿಸೀವರ್ (ಆಸ್ತಿಯನ್ನು ವಶಕ್ಕೆ ಪಡೆದು ನೋಡಿಕೊಳ್ಳಲು ಕೋರ್ಟ್ ನೇಮಿಸುವವರು) ನೇಮಿಸಿ ಎಂದು ಅರ್ಜಿಯ ಜೊತೆಗೇ ಕೇಳಿ. ಆತ ಬಂದು ‘ನನ್ನ ಹತ್ತಿರ ಸಾಲ ತೀರಿಸುವ ಶಕ್ತಿ ಇದೆ’ ಎಂದು ತೋರಿಸಿಕೊಟ್ಟರೆ ಅರ್ಜಿ ವಜಾ. ವಿಚಿತ್ರ ಅನಿಸಬಹುದು, ಆದರೆ ಅದು ಸರಿಯೇ, ಶಕ್ತಿ ಇದ್ದು ಕೊಡದವನ ಮೇಲೆ ನೀವು ಮಾಡಬೇಕಾದ್ದು ದಾವೆ. ಸುಳ್ಳುಸುಳ್ಳೇ ಕಿರುಕುಳ ಕೊಡಲು ಹಾಕಿದ ಅರ್ಜಿಯಾದರೆ ಕೋರ್ಟ್ ನಿಮ್ಮಿಂದಲೇ ಪರಿಹಾರ ಕೊಡಿಸಬಹುದು. ಕಾಯ್ದೆಯಲ್ಲಿ ಬರೆದ ಗರಿಷ್ಠ ಮೊತ್ತ ₹1,000, ನಗಬೇಡಿ.

ಘೋಷಣೆಯಾಯಿತು ಎಂದುಕೊಳ್ಳಿ. ಆತನ ಆಸ್ತಿಯೆಲ್ಲ ಕೋರ್ಟಿನ ಅಥವಾ ರಿಸೀವರ್ ಕೈಗೆ ಬರುತ್ತದೆ, ಅದೂ ಅರ್ಜಿ ಹಾಕಿದ ದಿನದಿಂದಲೇ ಬಂದಂತೆ ಲೆಕ್ಕ. ಜಪ್ತಿಗೆ ಬರದ ಬಟ್ಟೆಬರೆ, ಅಡುಗೆ ಪಾತ್ರೆ, ಕಸುಬಿನ ಸಲಕರಣೆ, ಪಿಎಫ್ ಇತ್ಯಾದಿ ಹೊರಗೆ. ಸ್ಟಾಕ್ ಮೇಲೆ ಸಾಲ ಕೊಟ್ಟ ಬ್ಯಾಂಕ್ ಇದ್ದರೆ ಆ ಸ್ಟಾಕ್ ಮಟ್ಟಿಗೆ ಅದರ ದಾರಿ ಬೇರೆ. ಉಳಿದ ಯಾರೂ ಕೋರ್ಟಿನ ಅನುಮತಿ ಇಲ್ಲದೆ ಆತನ ಮೇಲೆ ಹೊಸ ದಾವೆ ಹಾಕುವಂತಿಲ್ಲ. ಹಂಚುವಾಗ ಮೊದಲು ಖರ್ಚು, ಸರ್ಕಾರದ ಬಾಕಿ, ಕೆಲಸದವರ ಸ್ವಲ್ಪ ಸಂಬಳ, ಆಮೇಲೆ ಉಳಿದವರು.

ಒಂದು ಲೆಕ್ಕ ಹಾಕೋಣ, ಸುಮ್ನೆ ಅಂದಾಜಿಗೆ. ಆ ಮನೆ ವಾಪಸ್ ಬಂದು ₹45 ಲಕ್ಷಕ್ಕೆ ಮಾರಾಟವಾಯಿತು. ತೆರಿಗೆ ಬಾಕಿ ಮತ್ತು ಖರ್ಚಿಗೆ ₹7 ಲಕ್ಷ ಹೋಯಿತು. ಉಳಿದದ್ದು ₹38 ಲಕ್ಷ. ನಿಮ್ಮದೂ ಸೇರಿ ಕೈಸಾಲ, ವ್ಯಾಪಾರದ ಬಾಕಿ ಎಲ್ಲ ₹95 ಲಕ್ಷ. ಅಂದರೆ ರೂಪಾಯಿಗೆ 40 ಪೈಸೆ, ನಿಮ್ಮ 14 ಲಕ್ಷಕ್ಕೆ ₹5.6 ಲಕ್ಷ. ಮನೆ ವಾಪಸ್ ಬರಲಿಲ್ಲ ಎಂದರೆ? ಅಂಗಡಿಯ ರ್‍ಯಾಕು, ಎರಡು ಫ್ಯಾನು. ಅದಕ್ಕೇ ನಾನು ಹೇಳಿದ್ದು ಎಲ್ಲವೂ ಆ ಮನೆಯ ಮೇಲೆ ನಿಂತಿದೆ ಎಂದು. ಇಸಿ, ಕ್ರಯಪತ್ರ ನೋಡಿದ ಮೇಲೆ ಆ ವ್ಯವಹಾರ ನಿಜವಾದ ಮಾರಾಟ ಅನಿಸಿದರೆ ದಿವಾಳಿ ಅರ್ಜಿಯ ಯೋಚನೆ ಬಿಟ್ಟುಬಿಡಿ.

ಇನ್ನೊಂದು ಸಂದರ್ಭದಲ್ಲಿ ಇದು ಕೆಲಸಕ್ಕೆ ಬರುತ್ತದೆ. ಬೇರೆ ಯಾರೋ ನಿಮಗಿಂತ ಮೊದಲೇ ಡಿಕ್ರಿ ಪಡೆದು ಜಪ್ತಿ ಮಾಡಿಸಿ ಹರಾಜಿಗೆ ತಂದಿದ್ದಾರೆ ಎಂದುಕೊಳ್ಳಿ. ದಿವಾಳಿ ಅರ್ಜಿ ಅಂಗೀಕಾರವಾಗುವ ಹೊತ್ತಿಗೆ ಅವರ ಕೈಗೆ ಬಂದದ್ದು ಅವರದ್ದು, ಉಳಿದದ್ದು ರಿಸೀವರ್ ಮೂಲಕ ಎಲ್ಲರಿಗೂ. ಓಟದಲ್ಲಿ ನೀವು ಹಿಂದೆ ಇದ್ದರೆ ಅರ್ಜಿ ನಿಮಗೆ ಲಾಭ. ನೀವೇ ಮುಂದೆ ಇದ್ದರೆ, ನಿಮ್ಮ ಡಿಕ್ರಿಯ ಹರಾಜು ಮುಂದಿನ ತಿಂಗಳಿದ್ದರೆ, ದಿವಾಳಿ ಅರ್ಜಿ ಹಾಕುವುದು ನಿಮ್ಮ ಊಟದೆಲೆಯನ್ನು ನೀವೇ ಪಂಕ್ತಿಗೆ ಎಳೆದಂತೆ.

ದೊಡ್ಡವರ ಕಥೆಯೂ ಹೀಗೇ. ಬೆಂಗಳೂರಿನ ವಿಜಯ್ ಮಲ್ಯ ಗೊತ್ತಲ್ಲ. ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿ 2017ರ ಜನವರಿಯಲ್ಲೇ ₹6,203 ಕೋಟಿ ಮತ್ತು ಬಡ್ಡಿ ವಸೂಲಿಗೆ ಆದೇಶ ಕೊಟ್ಟಿತ್ತು. ಎಸ್‌ಬಿಐ ಮುಂದಾಳತ್ವದ 13 ಬ್ಯಾಂಕುಗಳು 2018ರಲ್ಲಿ ಲಂಡನ್ ಹೈಕೋರ್ಟಿನಲ್ಲಿ ಆತನನ್ನು ದಿವಾಳಿ ಎಂದು ಘೋಷಿಸಿ ಎಂದು ಅರ್ಜಿ ಹಾಕಿದವು. ಅಲ್ಲಿ ದೊಡ್ಡ ಜಗಳ ನಡೆದಿದ್ದು ಸಾಲ ಇದೆಯೋ ಇಲ್ಲವೋ ಎಂದಷ್ಟೇ ಅಲ್ಲ, ಬ್ಯಾಂಕುಗಳ ಕೈಯಲ್ಲಿ ಆಗಲೇ ಇದ್ದ ಅಡಮಾನದ ಬಗ್ಗೆ. ಅಡಮಾನ ಇಟ್ಟುಕೊಂಡವರು ಅದನ್ನು ಬಿಟ್ಟುಕೊಡಬೇಕು, ಇಲ್ಲ ಅದರ ಬೆಲೆ ಕಳೆದು ಉಳಿದ ಬಾಕಿಗೆ ಮಾತ್ರ ಅರ್ಜಿ ಹಾಕಬೇಕು. ನಮ್ಮ 1920ರ ಕಾಯ್ದೆಯಲ್ಲೂ ಇದೇ ನಿಯಮ. 2020ರಲ್ಲಿ ಕೋರ್ಟ್ ಅರ್ಜಿಯ ವಿಚಾರಣೆಯನ್ನು ಮುಂದೂಡಿತು, ಬ್ಯಾಂಕುಗಳು ಅರ್ಜಿ ತಿದ್ದಬೇಕಾಯಿತು, ಕೊನೆಗೆ ಘೋಷಣೆ ಬಂದದ್ದು 2021ರ ಜುಲೈ 26ಕ್ಕೆ. ಲಂಡನ್‌ನಲ್ಲಿ ದೊಡ್ಡ ವಕೀಲರನ್ನು ಇಟ್ಟುಕೊಂಡ ಬ್ಯಾಂಕುಗಳಿಗೇ ಇಷ್ಟು ವರ್ಷ ಹಿಡಿಯಿತು. ನೀವು ಆತನಿಂದ ಸೈಟಿನ ಪತ್ರ, ಬಂಗಾರ ಏನಾದರೂ ಒತ್ತೆ ಇಟ್ಟುಕೊಂಡಿದ್ದರೆ ವಕೀಲರಿಗೆ ಮೊದಲೇ ಹೇಳಿ. ಪ್ರಶ್ನೆಯಲ್ಲಿ ಬರೆದಿಲ್ಲ, ಅದಕ್ಕೆ ಕೇಳುತ್ತಿದ್ದೇನೆ.

ಈಗ ನಿಮ್ಮ ಪ್ರೋನೋಟ್. ಇದನ್ನು ಗಮನವಿಟ್ಟು ಓದಿ. ಕೇಳಿದಾಗ ಕೊಡುತ್ತೇನೆ ಎಂಬ ಪ್ರೋನೋಟಿನ ಮೇಲೆ ದಾವೆ ಹಾಕಲು ಬರೆದ ದಿನದಿಂದ ಮೂರು ವರ್ಷ. ನಿಮಗೆ ಎಂಟು ತಿಂಗಳು ಉಳಿದಿದೆ. ದಿವಾಳಿ ಅರ್ಜಿ ಹಾಕಿದ ಮಾತ್ರಕ್ಕೆ ಈ ಅವಧಿ ನಿಲ್ಲುವುದಿಲ್ಲ. ಘೋಷಣೆಯಾಗಿ ಆಮೇಲೆ ಅದು ರದ್ದಾದರೆ ಆ ನಡುವಿನ ಕಾಲವನ್ನು ಕಳೆಯುತ್ತಾರೆ ಅಷ್ಟೇ. ಅರ್ಜಿ ವಿಚಾರಣೆಯಲ್ಲೇ ಒಂದು ವರ್ಷ ಎಳೆದು ವಜಾ ಆಯಿತು ಎಂದುಕೊಳ್ಳಿ, ಅಷ್ಟರಲ್ಲಿ ಪ್ರೋನೋಟ್ ಸತ್ತಿರುತ್ತದೆ. ಹಾಗಾಗಿ ಹಣದ ದಾವೆಯನ್ನೂ ಬೇರೆ ಹಾಕಿ, ಅದನ್ನು ಬೇಗ ಹಾಕಿ. ಮನೆಯ ಜೊತೆಗೆ ಬೇರೆ ಆಸ್ತಿ ಇದ್ದು ಅದನ್ನೂ ಮಾರಲು ಹೊರಟಿದ್ದರೆ ತೀರ್ಪಿಗೆ ಮೊದಲೇ ಜಪ್ತಿ ಕೇಳಬಹುದು. ಆತ ಈ ನಡುವೆ ಸ್ವಲ್ಪ ಹಣ ಕೊಟ್ಟು ಅದನ್ನು ಬರೆದು ಸಹಿ ಮಾಡಿದ್ದರೆ ಅಲ್ಲಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ಸಹಿ ಇಲ್ಲದ ಬಾಯಿಮಾತು ಬೇಡ.

ಚೆಕ್ ಮೇಲೆ ತಾರೀಕು ಏನಿದೆ? ಆ ತಾರೀಕಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆಯಿತು ಎಂದು ಬ್ಯಾಂಕ್ ತಿಳಿಸಿದ 30 ದಿನದೊಳಗೆ ನೋಟಿಸ್, ಹಣ ಕಟ್ಟಲು ಆತನಿಗೆ 15 ದಿನ, ಕಟ್ಟದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು. ಇದು ಬೇರೆಯೇ ದಾರಿ, ಆತ ದಿವಾಳಿ ಎಂದು ಘೋಷಣೆಯಾದರೂ ಚೆಕ್ ಕೇಸು ಅದರಿಂದಲೇ ಮುಗಿಯುವುದಿಲ್ಲ. ನಿಜ ಹೇಳಬೇಕೆಂದರೆ ಓಡಿಹೋದವರು ಮಾತುಕತೆಗೆ ವಾಪಸ್ ಬರುವುದು ದಿವಾಳಿ ಅರ್ಜಿಗಿಂತ ಚೆಕ್ ಕೇಸಿನ ವಾರಂಟ್‌ಗೆ ಜಾಸ್ತಿ.

ಹಾಗೆ ಮಾತುಕತೆಗೆ ಬಂದಾಗ ಒಂದು ಎಚ್ಚರ. ‘ನಿಮ್ಮೊಬ್ಬರದ್ದು ಕೊಟ್ಟುಬಿಡುತ್ತೇನೆ, ದಿವಾಳಿ ಅರ್ಜಿ ವಾಪಸ್ ತಗೊಳ್ಳಿ’ ಎನ್ನುತ್ತಾರೆ. ಕೇಳಲು ಚೆನ್ನಾಗಿರುತ್ತದೆ. ಆದರೆ ಈ ಅರ್ಜಿಯನ್ನು ಕೋರ್ಟಿನ ಅನುಮತಿ ಇಲ್ಲದೆ ವಾಪಸ್ ಪಡೆಯುವಂತಿಲ್ಲ. ನೀವು ಸುಮ್ಮನಾದರೂ ಇನ್ನೊಬ್ಬ ಸಾಲ ಕೊಟ್ಟವರು ನಿಮ್ಮ ಜಾಗಕ್ಕೆ ಬಂದು ಮುಂದುವರಿಸಬಹುದು. ಹಾಗೆ ಮುಂದುವರಿದು ಘೋಷಣೆಯಾದರೆ, ಅರ್ಜಿ ಹಾಕಿದ ಮೇಲೆ ಗುಟ್ಟಾಗಿ ಪಡೆದ ಹಣವನ್ನು ರಿಸೀವರ್ ನಿಮ್ಮಿಂದ ವಾಪಸ್ ಕೇಳಬಹುದು. ‘ನನಗೆ ಅರ್ಜಿಯ ವಿಷಯ ಗೊತ್ತಿರಲಿಲ್ಲ’ ಎಂದು ನೀವಂತೂ ಹೇಳಲು ಬರುವುದಿಲ್ಲ! ರಾಜಿ ಆಗುವುದಿದ್ದರೆ ಕೋರ್ಟಿನ ಮುಂದೆಯೇ ಆಗಲಿ.

ಸಿಟ್ಟು ಬಂದು ನಾಲ್ಕು ಜನ ಕಟ್ಟಿಕೊಂಡು ಮನೆ ಮುಂದೆ ಹೋಗಬೇಡಿ. ಹೆಂಡತಿ ಮಕ್ಕಳಿಗೆ ಫೋನ್ ಮಾಡಿ ಬೈಯಬೇಡಿ. ಈಗ ತಪ್ಪು ಆತನ ಕಡೆ ಇದೆ, ನಾಳೆ ದೂರು ನಿಮ್ಮ ಮೇಲೆ ಬರುತ್ತದೆ. ನೀವು ಬಡ್ಡಿಗೆ ಹತ್ತು ಜನಕ್ಕೆ ಸಾಲ ಕೊಡುವವರಾಗಿದ್ದು ಲೈಸೆನ್ಸ್ ಇಲ್ಲದಿದ್ದರೆ ಅದನ್ನೂ ವಕೀಲರ ಹತ್ತಿರ ಮುಚ್ಚಿಡಬೇಡಿ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದ ಲೇವಾದೇವಿಗೆ ಕೋರ್ಟ್ ಡಿಕ್ರಿ ಕೊಡುವುದಿಲ್ಲ, ಎದುರಿನವರು ಮೊದಲು ಹಿಡಿಯುವುದೇ ಅದನ್ನು. ಪರಿಚಯದವರಿಗೆ ಒಂದು ಸಲ ಕೊಟ್ಟ ಕೈಸಾಲಕ್ಕೆ ಆ ತೊಂದರೆ ಇಲ್ಲ.

ಕೊನೆಗೆ ಮಾರ್ಕೆಟ್ ಸುದ್ದಿ, ಅವರೇ ಐಪಿ ಹಾಕುತ್ತಾರೆ ಎಂಬುದು. ಹಾಕಲಿ ಬಿಡಿ. ಎಷ್ಟೋ ಜನ ಸಾಲ ಕೊಟ್ಟವರು ಆ ನೋಟಿಸ್ ಬಂದಾಗ ‘ಇನ್ನು ಮುಗಿಯಿತು’ ಎಂದು ಡ್ರಾಯರ್‌ಗೆ ಹಾಕಿಬಿಡುತ್ತಾರೆ, ಸಾಲಗಾರನಿಗೆ ಬೇಕಾಗಿರುವುದೂ ಅದೇ. ಆತನೇ ಹಾಕಿದ ಅರ್ಜಿಯಲ್ಲೂ ಎರಡು ವರ್ಷದ ನಿಯಮ ಹಾಗೇ ಇದೆ. ನೀವು ಹೋಗಿ ನಿಮ್ಮ ಸಾಲವನ್ನು ಪಟ್ಟಿಗೆ ಸೇರಿಸಿ, ಕ್ರಯಪತ್ರದ ಪ್ರತಿಯನ್ನು ಕೋರ್ಟಿನ ಮುಂದಿಡಿ. ವರ್ಗಾವಣೆ ರದ್ದು ಮಾಡಿಸಲು ರಿಸೀವರ್ ಮನಸ್ಸು ಮಾಡದಿದ್ದರೆ, ಸಾಲ ಸಾಬೀತುಪಡಿಸಿದ ನೀವೇ ಕೋರ್ಟಿನ ಅನುಮತಿ ಪಡೆದು ಅರ್ಜಿ ಹಾಕಬಹುದು. ಸಾಲದಿಂದ ಬಿಡುಗಡೆ ಎಂಬುದು ಆತನಿಗೆ ತಾನಾಗಿ ಸಿಗುವುದಿಲ್ಲ, ಅದಕ್ಕೆ ಬೇರೆ ಅರ್ಜಿ ಹಾಕಬೇಕು, ಆಗಲೂ ನೀವು ವಿರೋಧಿಸಬಹುದು. ಆಸ್ತಿ ರೂಪಾಯಿಗೆ 50 ಪೈಸೆಯಷ್ಟೂ ಇಲ್ಲದಿದ್ದರೆ, ಅದು ತನ್ನ ತಪ್ಪಿನಿಂದ ಆದದ್ದಲ್ಲ ಎಂದು ಆತ ಕೋರ್ಟಿಗೆ ಒಪ್ಪಿಸಬೇಕು. ಬಿಡುಗಡೆ ಸಿಕ್ಕರೂ ಮೋಸ ಮಾಡಿ ತಂದ ಸಾಲ ಅದರಲ್ಲಿ ಸೇರುವುದಿಲ್ಲ.

ಈ ವಾರ ಮಾಡಬೇಕಾದ್ದು ಇಷ್ಟೇ. ಇಸಿ ತೆಗೆಸಿ, ಕ್ರಯಪತ್ರದ ಪ್ರತಿಗೆ ಅರ್ಜಿ ಕೊಡಿ, ಚೆಕ್ಕಿನ ತಾರೀಕು ನೋಡಿ, ನೋಟಿಸ್ ಕಳಿಸಿ. ಆ ಕ್ರಯಪತ್ರದಲ್ಲಿ ಹಣ ಹೇಗೆ ಸಂದಿದೆ ಎಂದು ಬರೆದಿರುವುದನ್ನು ನನಗೂ ತಿಳಿಸಿ. ದಿವಾಳಿ ಅರ್ಜಿ ಬೇಕಾ ಬೇಡವಾ ಎಂದು ಅದನ್ನು ನೋಡಿದ ಮೇಲೆ ಇನ್ನಷ್ಟು ಖಚಿತವಾಗಿ ಹೇಳಬಹುದು.